ನೆಲಮಾಳಿಗೆಯ ಹೊಸ ಟೈರು

ಬಿದ್ದವರು ಮೊದಲು ಮಂಡಿ ತಡವಿಕೊಳ್ಳುತ್ತಾರೆ, ಆಮೇಲೆ ಯಾರಾದರೂ ನೋಡಿದರೋ ಏನೋ ಎಂದು ಅತ್ತಿತ್ತ ಕಣ್ಣಾಡಿಸುತ್ತಾರೆ. ಇರ್ಮಾ ಎರಡನ್ನೂ ಮಾಡಲಿಲ್ಲ. ಸ್ಕೂಟರ್ ಒಂದು ಕಡೆ, ಅದರ ಹಿಂದೆ ಕಟ್ಟಿದ್ದ ಕೂದಲು ಒಣಗಿಸುವ ಯಂತ್ರ ಇನ್ನೊಂದು ಕಡೆ ಬಿದ್ದಿರುವಾಗ ಅವಳು ನಡುರಸ್ತೆಯಲ್ಲಿ ಕೂತು, ಹರಿದ ಉಣ್ಣೆಯ ಕೈಗವಸು ಕಳಚಿ, ಅಂಗೈಯನ್ನು ನೆಲಕ್ಕೆ ಒತ್ತಿದಳು. ರಸ್ತೆ ಒಣಗಿತ್ತು. ಹಿಮವಿಲ್ಲ, ಮಂಜುಗಡ್ಡೆಯಿಲ್ಲ, ಎಲೆ ಬಿದ್ದಿಲ್ಲ. ಚಳಿಗೆ ಕೊರೆಯುತ್ತಿದ್ದ ಬರೀ ರಸ್ತೆ.

"ಹಾಗಾದ್ರೆ ಜಾರಿದ್ದು ಯಾತಕ್ಕೆ?" ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಕಲ್ಲುತೊಟ್ಟಿ ಬಿಟ್ಟರೆ ಮತ್ತೇನೂ ಇರಲಿಲ್ಲ.

ಕಣಿವೆಯ ಪೇಟೆ ಬೊಲ್ಜಾನೆತೊದಿಂದ ಗುಡ್ಡದ ಮೇಲಿನ ಮುರ್ತಾ ಊರಿಗೆ ಹತ್ತುವ ರಸ್ತೆಯಲ್ಲಿ ಆ ತಿರುವಿಗೆ ಹೆಸರೇ ತೊಟ್ಟಿ ತಿರುವು. ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ತೊಟ್ಟಿ ಅದು. ಈಗ ಅದರಲ್ಲಿ ಪಾಚಿ ಬಿಟ್ಟರೆ ಏನೂ ತೇಲುವುದಿಲ್ಲ. ನವೆಂಬರ್ ಬಂತೆಂದರೆ ಆ ಜಾಗಕ್ಕೆ ಬಿಸಿಲು ರಜೆ ಹಾಕುತ್ತದೆ. ಬೆಟ್ಟದಾಚೆಯಿಂದ ಬಡಗಣ ಗಾಳಿ ಕಣಿವೆಗೆ ಇಳಿಯುವಾಗ ಮೊದಲು ಅಲ್ಲಿಗೇ ಬಂದು, ಆಮೇಲೆ ಊರಿಗೆ ಹೋಗುತ್ತದೆ. ಇರ್ಮಾ ಆ ತಿರುವನ್ನು ಇಪ್ಪತ್ತೈದು ಚಳಿಗಾಲ ಹತ್ತಿಳಿದಿದ್ದಳು. ಅದು ಅವಳನ್ನು ಕೆಡವಿದ್ದು ಅದೇ ಮೊದಲು.

ಗುಡ್ಡದ ಮೇಲಿನ ಹೆಂಗಸರ ತಲೆಗಳೆಲ್ಲ ಇರ್ಮಾಳ ಕೈಯಲ್ಲಿದ್ದವು. ಪೇಟೆಯ ಸಲೂನಿಗೆ ಇಳಿದು ಬರಲಾರದವರ ಮನೆಗೆ ತಾನೇ ಹೋಗಿ, ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ತೊಳೆದು, ಕತ್ತರಿಸಿ, ಬಣ್ಣ ಹಚ್ಚಿ, ಗುಂಗುರು ಸುತ್ತಿ ಬರುವುದು ಅವಳ ಕಸುಬು. ಒಣಗಿಸುವ ಯಂತ್ರದ ದೊಡ್ಡ ಟೋಪಿಯನ್ನು ಸ್ಕೂಟರಿನ ಹಿಂದಿನ ಸೀಟಿಗೆ ಬಿಗಿದು ಹೊರಟಳೆಂದರೆ ದೂರದಿಂದ ನೋಡಿದವರಿಗೆ ಯಾರನ್ನೋ ಕೂರಿಸಿಕೊಂಡು ಹೋದಂತೆ ಕಾಣುತ್ತಿತ್ತು. "ಇರ್ಮಾ ಯಾರನ್ನೋ ಇಟ್ಕೊಂಡಿದಾಳೆ, ಅವನಿಗೆ ಕತ್ತೇ ಇಲ್ಲ" ಎಂದು ಮುರ್ತಾದ ಬಾರಿನಲ್ಲಿ ಕೂತವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅವಳಿಗಿದ್ದ ಒಂದೇ ಚಾಳಿಯೆಂದರೆ ಯಾಕೆ ಎಂಬ ಪ್ರಶ್ನೆ ತಲೆಗೆ ಹೊಕ್ಕರೆ ಅದನ್ನು ಕೆಳಗಿಡಲು ಬಾರದು. ಒಮ್ಮೆ ಒಬ್ಬಳ ಕೂದಲಿನ ಬಣ್ಣ ಎಡಗಡೆ ಮಾತ್ರ ಬೇಗ ಮಾಸುತ್ತಿತ್ತು. ಬೇರೆಯವಳಾಗಿದ್ದರೆ ಇನ್ನೊಮ್ಮೆ ಬಣ್ಣ ಬಳಿದು ಸುಮ್ಮನಾಗುತ್ತಿದ್ದಳು. ಇರ್ಮಾ ನಾಲ್ಕು ಸಲ ನೆಪ ಹೂಡಿ ಆ ಮನೆಗೆ ಹೋಗಿ, ಆ ಹೆಂಗಸು ಹೆಣಿಗೆ ಹಾಕುವಾಗ ಯಾವ ಕಿಟಕಿಯ ಬಿಸಿಲಿಗೆ ಯಾವ ಕೆನ್ನೆ ಕೊಟ್ಟು ಕೂರುತ್ತಾಳೆಂದು ನೋಡಿ, ಕುರ್ಚಿ ತಿರುಗಿಸಿಟ್ಟು ಬಂದಿದ್ದಳು. ಅಂಥವಳು ಒಣಗಿದ ರಸ್ತೆಯಲ್ಲಿ ಜಾರಿಬಿದ್ದು ಸುಮ್ಮನಿರುತ್ತಾಳೆಯೇ.

ಅದೂ ಹೊಸ ಟೈರಿನಲ್ಲಿ. ಅವಳನ್ನು ಕೊರೆಯುತ್ತಿದ್ದುದೇ ಅದು. ಹಿಂದಿನ ಚಳಿಗಾಲದಲ್ಲಿ ಸವೆದು ಬೋಳಾದ ಟೈರುಗಳಲ್ಲಿ ಅದೇ ತಿರುವು ಹತ್ತಿದಾಗ ಏನೂ ಆಗಿರಲಿಲ್ಲ. ಅದನ್ನು ಕಂಡ ಮಗಳು ಮೊರೇನಾ ರೇಗಾಡಿದ್ದಳು: "ಅಮ್ಮ, ಇದು ಟೈರಾ, ಬೋಳುತಲೇನಾ? ಈ ಚಳಿಗೆ ಹೊಸಾದು ಹಾಕಿಸ್ದೆ ಹೋದ್ರೆ ನಾನು ಸುಮ್ನಿರಲ್ಲ." ಇರ್ಮಾ ಮಗಳ ಮಾತಿಗೆ ಬೆಲೆ ಕೊಟ್ಟು, ನವೆಂಬರಿನಲ್ಲಿ ನೆಲಮಾಳಿಗೆಗೆ ಇಳಿದು, ಗೋಡೆಯ ಮೊಳೆಗೆ ನೇತುಹಾಕಿದ್ದ ಹೊಸ ಜೊತೆಯನ್ನು ಕೆಳಗಿಳಿಸಿದ್ದಳು.

ಆ ಜೊತೆಯನ್ನು ತಂದವನು ಅವಳ ಗಂಡ ಜೀನೊ. ಕಣಿವೆಯ ಮೇಲ್ಗಡೆ ಯಾವುದೋ ಅಂಗಡಿ ಬಾಗಿಲು ಹಾಕುವಾಗ ಅಗ್ಗಕ್ಕೆ ಸಿಕ್ಕಿತೆಂದು ಎತ್ತಿಕೊಂಡು ಬಂದಿದ್ದ. ಟಾಲ್ಕಂ ಪುಡಿ ಬಳಿದು, ಕೂಸಿಗೆ ಬಟ್ಟೆ ಸುತ್ತುವ ಹಾಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಸುತ್ತಿ, ದಾರ ಕಟ್ಟಿ ತೂಗುಹಾಕಿದ್ದ. "ಬೇಕಾದಾಗ ಇರ್ಲಿ" ಎಂದಿದ್ದ. ಮರುವರ್ಷ ಅವನೇ ಇರಲಿಲ್ಲ. ಆಮೇಲೆ ಎಷ್ಟೋ ಸಲ ಸ್ಕೂಟರಿನ ಟೈರು ಸವೆಯಿತು. ಪ್ರತಿ ಸಲವೂ ಇರ್ಮಾ ಯಾರೋ ಬಳಸಿಬಿಟ್ಟ ಟೈರನ್ನು ತಂದು ಹಾಕಿಸಿದಳೇ ಹೊರತು ಆ ಗಂಟನ್ನು ಮುಟ್ಟಲಿಲ್ಲ.

ನಮ್ಮ ಕಣಿವೆಯವರನ್ನು ಜಿಪುಣರೆಂದು ಹೊರಗಿನವರು ಆಡಿಕೊಳ್ಳುತ್ತಾರೆ. ಅದು ಶುದ್ಧ ಸುಳ್ಳು. ಜಿಪುಣ ಏನನ್ನೂ ಕೊಳ್ಳುವುದಿಲ್ಲ. ನಾವು ಒಳ್ಳೆಯದನ್ನೇ ಕೊಳ್ಳುತ್ತೇವೆ, ಬಳಸುವುದಿಲ್ಲ ಅಷ್ಟೇ. ನಮ್ಮಲ್ಲಿ ಪ್ರತಿ ಮನೆಯಲ್ಲೂ ಮಡಿಕೆ ಬಿಚ್ಚದ ಹಾಸಿಗೆ ಬಟ್ಟೆ, ಕಾಫಿ ಕಾಣದ ಪಿಂಗಾಣಿ ಬಟ್ಟಲು, ರಟ್ಟಿನ ಪೆಟ್ಟಿಗೆಯಲ್ಲೇ ಮುದಿಯಾದ ಬೂಟು ಇದ್ದೇ ಇರುತ್ತವೆ. ಯಾವ ದಿನಕ್ಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಟೈರುಗಳನ್ನು ಹಾಕಿಕೊಟ್ಟವನು ಪಕ್ಕದ ಮನೆಯ ಅರ್ಮಾಂದೊ. ಬಂದರಿನಲ್ಲಿ ದುಡಿದು ನಿವೃತ್ತನಾದವನು, ಟೈರ್ ಅಂಗಡಿಗೆ ಹೋಗುವುದೆಂದರೆ ಸೋತಂತೆ ಎಂದು ತಿಳಿದವನು. ಪತ್ರಿಕೆಯ ಹಾಳೆ ಬಿಚ್ಚಿದಾಗ ಇಬ್ಬರೂ ಸ್ವಲ್ಪ ಹೊತ್ತು ನೋಡುತ್ತ ನಿಂತರು. ಕಪ್ಪಗೆ ಹೊಳೆಯುವ ಮೈ, ಆಳವಾದ ಗೀರುಗಳು, ಅಚ್ಚಿನಿಂದ ಬಂದಾಗಿನ ಎಳೆಎಳೆ ರಬ್ಬರ್ ಮೀಸೆಗಳು ಕೂಡ ಹಾಗೇ ಇದ್ದವು.

"ಈಗಿನ ಕಾಲದಲ್ಲಿ ಇಂಥ ಮಾಲು ಎಲ್ಲಿ ಬರುತ್ತೆ" ಎಂದ ಅರ್ಮಾಂದೊ. ಪ್ರತಿಯಾಗಿ ಇರ್ಮಾ ಅವನ ತಲೆಯ ಮೇಲೆ ಉಳಿದಿದ್ದಷ್ಟನ್ನು ಕತ್ತರಿಸಿಕೊಟ್ಟಳು.

ಬಿದ್ದ ಸುದ್ದಿಯನ್ನು ಅವಳು ಮಗಳಿಂದ ಮುಚ್ಚಿಟ್ಟಿದ್ದಳು. ಆದರೆ ಮೊರೇನಾ ನಗರದ ಬಸ್ಸು ಓಡಿಸುವವಳು. ಅವಳಿಂದ ಏನನ್ನಾದರೂ ಮುಚ್ಚಿಡುವುದು ಹೇಗೆ. ಕ್ರಿಸ್ಮಸ್ ಊಟ ಮುಗಿದು, ಒಣದ್ರಾಕ್ಷಿ ತುಂಬಿದ ದುಂಡನೆಯ ಹಬ್ಬದ ಕೇಕು ಪಾಂದೊಲ್ಚೆ ಮೇಜಿಗೆ ಬಂದಾಗ ಅವಳು ಬಾಯಿಬಿಟ್ಟಳು.

"ಅಮ್ಮ, ಬಿದ್ಯಂತೆ."

"ಯಾರು ಹೇಳಿದ್ದು?"

"ಇಡೀ ಬಸ್ಸು ಹೇಳ್ತು. ಮುರ್ತಾದೋರು ಹತ್ತಿ ಕೂರೋಕೆ ಮೊದ್ಲೇ ಅದನ್ನೇ ಹೇಳ್ತಾರೆ."

"ನಾನು ಬೀಳ್ಲಿಲ್ಲ. ಸ್ಕೂಟರ್ ಮಲಗ್ತು, ನಾನು ಜೊತೇಲಿದ್ದೆ ಅಷ್ಟೆ."

"ಅರವತ್ತೆರಡು ಆಯ್ತು ನಿಂಗೆ."

"ನಂಗೆ ಆಯ್ತು ಸರಿ. ರಸ್ತೆಗೇನಾಯ್ತು ಅಂತ ನಾನು ಕೇಳ್ತಿರೋದು."

"ರಸ್ತೆಗೆ ಏನೂ ಆಗಿಲ್ಲಮ್ಮ. ಆಗಿರೋದೇ ನಿಂಗೆ. ಕಣ್ಣು ಮೊದಲಿನ ಹಾಗಿರಲ್ಲ, ಕೈ ಮೊದಲಿನ ಹಾಗಿರಲ್ಲ. ನನ್ನ ಡಿಪೋದಲ್ಲೂ ನೋಡಿದೀನಿ, ಎಲ್ಲರೂ ರಸ್ತೇನೇ ಬೈಯೋದು." ಮೊರೇನಾ ಬಾಗಿಲ ಬಳಿ ನೇತುಹಾಕಿದ್ದ ಉಣ್ಣೆಯ ಕೈಗವಸುಗಳತ್ತ ನೋಡಿದಳು, ಬೆರಳ ತುದಿಗಳು ಕಿತ್ತುಹೋಗಿದ್ದವು. "ನಾನು ಕೊಟ್ಟ ಚರ್ಮದ ಗ್ಲೌಸ್ ಎಲ್ಲಿ?"

"ಇದೆ. ಕಪಾಟಲ್ಲಿ ಭದ್ರವಾಗಿದೆ."

"ಭದ್ರವಾಗಿರತ್ತೆ ಬಿಡು" ಎಂದಳು ಮೊರೇನಾ. ಆ ಮಾತಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು, ಇರ್ಮಾಗೆ ಅದು ಆಗ ತಿಳಿಯಲಿಲ್ಲ.

ಪದ್ಧತಿಯಂತೆ ಮನೆಯಲ್ಲಿ ಕಿರಿಯವಳಾದ ಮೊರೇನಾ ಪಾಂದೊಲ್ಚೆಗೆ ಸಿಕ್ಕಿಸಿದ್ದ ಎಲೆಕಡ್ಡಿಯನ್ನು ತೆಗೆದಳು, ಹಿರಿಯವಳಾದ ಇರ್ಮಾ ಕತ್ತರಿಸಿದಳು. ಒಂದು ತುಂಡು ಬಾಗಿಲಿಗೆ ಬರುವ ಬಡವನಿಗೆ, ಇನ್ನೊಂದು ಸಾನ್ ಬ್ಯಾಜೊ ಹಬ್ಬಕ್ಕೆ. ಗಂಟಲು ಕಾಯುವ ಆ ಸಂತನ ದಿನ, ಅಂದರೆ ಫೆಬ್ರುವರಿಯ ಮೊದಲಲ್ಲಿ, ಕ್ರಿಸ್ಮಸ್ಸಿನ ಆ ಒಣಗಿದ ತುಂಡನ್ನು ಹಂಚಿಕೊಂಡು ತಿಂದರೆ ವರ್ಷವಿಡೀ ಗಂಟಲು ಕೆಡುವುದಿಲ್ಲವೆಂದು ನಂಬಿಕೆ. ಇರ್ಮಾ ತುಂಡನ್ನು ಬಟ್ಟೆಯಲ್ಲಿ ಸುತ್ತುವಾಗ ಮೊರೇನಾ ಅದರ ಮೇಲೆ ಕೈಯಿಟ್ಟಳು.

"ಇದನ್ನ ತಿನ್ನೋ ದಿನದೊಳಗೆ ಇನ್ನೊಂದ್ಸಲ ಬಿದ್ರೆ ಕೀಲಿ ನನ್ನ ಕೈಗೆ. ಸ್ಕೂಟರ್ ಮಾರ್ಬಿಡೋದು."

"ಬೀಳ್ದಿದ್ರೆ?"

"ಬೀಳ್ದಿದ್ರೆ ನಾನು ಆ ಮಾತೇ ಎತ್ತಲ್ಲ."

ಇರ್ಮಾ ಒಪ್ಪಿದಳು. ಒಪ್ಪಿದ ಮೇಲೆ ಅವಳಿಗೆ ಭಯವಾಯಿತು. ಗುಡ್ಡಕ್ಕೆ ಹೋಗುವ ಬಸ್ಸು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮನೆಗಳೋ ಒಂದಕ್ಕೊಂದು ಮುಖ ಕೊಡದೆ ಚದುರಿ ಕೂತಿವೆ. ಒಣಗಿಸುವ ಟೋಪಿಯನ್ನು ಹೊತ್ತುಕೊಂಡು ಗುಡ್ಡದ ಮೆಟ್ಟಿಲುದಾರಿಗಳನ್ನು ಹತ್ತುವುದು ಆಗದ ಮಾತು. ಸ್ಕೂಟರ್ ಹೋದರೆ ಕೆಲಸ ಹೋಗುತ್ತದೆ, ಅಡುಗೆಮನೆಗಳ ಹರಟೆ ಹೋಗುತ್ತದೆ. ತಾನೂ ಇನ್ನು ಕಿಟಕಿಯಲ್ಲಿ ಕೂತು ಯಾರಾದರೂ ತಲೆ ಬಾಚಲು ಬರುತ್ತಾರೋ ಎಂದು ಕಾಯುವವಳಾಗುತ್ತೇನೆ ಎನಿಸಿತು.

ಜನವರಿಯಲ್ಲಿ ಅವಳು ವಿಚಾರಣೆ ಶುರುಮಾಡಿದಳು. ಬೆಳಗಿನ ಕಾಫಿಗೆ ಫೊಕಾಚಾ ರೊಟ್ಟಿ ಅದ್ದಿ ತಿನ್ನುವ ಬಾರಿನಲ್ಲಿ ಕೇಳಿದರೆ ಬಾಯಿಗೊಂದು ಉತ್ತರ ಬಂತು. ಒಬ್ಬ, ಹಿಂದುಗಡೆ ಮರಳಿನ ಚೀಲ ಕಟ್ಟು ಎಂದ. ಇನ್ನೊಬ್ಬ, ಹೊಸ ಟೈರಿಗೆ ಗಾಳಿ ಕಡಿಮೆ ಮಾಡು, ರಸ್ತೆಗೆ ಚೆನ್ನಾಗಿ ಅಂಟುತ್ತೆ ಎಂದ. ಅರ್ಮಾಂದೊ ತಾನು ಹಾಕಿದ ಟೈರಿನ ಬಗ್ಗೆ ಒಂದು ಮಾತೂ ಕೇಳಲು ತಯಾರಿರಲಿಲ್ಲ. "ಟೈರ್ ಬಂಗಾರದಂಥಾದ್ದು. ತಪ್ಪು ರಸ್ತೇದು" ಎಂದು ಷರಾ ಬರೆದುಬಿಟ್ಟ.

ಇರ್ಮಾ ಗಾಳಿ ಕಡಿಮೆ ಮಾಡಿ ನೋಡಿದಳು. ಸ್ಕೂಟರ್ ಕುಡುಕನ ಹಾಗೆ ತೂರಾಡಿ, ಬೇಕರಿಯ ಮುಂದೆ ತಿರುಗಿಸಿದರೆ ಔಷಧಿ ಅಂಗಡಿಯ ಮುಂದೆ ಬಂದು ನಿಂತಿತು. ಅದೇ ದಿನ ಮತ್ತೆ ಗಾಳಿ ತುಂಬಿಸಿದಳು. ತಿರುವಿನಲ್ಲಿ ಯಾರದೋ ಗಾಡಿಯ ಎಣ್ಣೆ ಸೋರಿರಬಹುದೆಂಬ ಯೋಚನೆ ಬಂದಾಗ, ಕಸುಬಿನ ಬಿಳಿ ಟವೆಲ್ ತೆಗೆದು ಮಂಡಿಯೂರಿ ಕೂತು ರಸ್ತೆಯನ್ನು ಅಂಗುಲ ಅಂಗುಲ ಒರೆಸಿದಳು. ಟವೆಲ್ಲಿಗೆ ದೂಳು ಹತ್ತಿತೇ ಹೊರತು ಜಿಡ್ಡು ಹತ್ತಲಿಲ್ಲ. ಅಷ್ಟರಲ್ಲಿ ಕಾರಿನಲ್ಲಿ ಬಂದ ಪಾದ್ರಿ ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆಂದುಕೊಂಡು, ಗಾಜು ಇಳಿಸಿ, "ಇರ್ಮಾ, ಚರ್ಚಿನಲ್ಲಿ ಹೀಟರ್ ಇದೆ" ಎಂದ.

ಇಷ್ಟರ ನಡುವೆ ಆ ತಿರುವಿನಲ್ಲಿ ಹಿಂದಿನ ಚಕ್ರ ಇನ್ನೆರಡು ಸಲ ಕೈಕೊಡಲು ನೋಡಿತು. ಎರಡೂ ಸಲ ಅವಳು ಕಾಲು ಊರಿ ಉಳಿದುಕೊಂಡಳು. ಮಧ್ಯಾಹ್ನ ಬಿಸಿಲು ಬಿದ್ದ ಬೇರೆ ತಿರುವುಗಳಲ್ಲಿ ಏನೂ ಆಗುತ್ತಿರಲಿಲ್ಲ ಎಂಬುದನ್ನು ಮಾತ್ರ ಅವಳು ತಲೆಯಲ್ಲಿ ಇಟ್ಟುಕೊಂಡಳು. ನೆರಳಿನಲ್ಲಿ ಜಾರುವುದು, ಬಿಸಿಲಿನಲ್ಲಿ ಹಿಡಿಯುವುದು. ಮಗಳು ಹೇಳಿದಂತೆ ಕೈ ಕಣ್ಣಿನ ತಪ್ಪಾಗಿದ್ದರೆ ಅವು ಮಧ್ಯಾಹ್ನ ಮಾತ್ರ ನೆಟ್ಟಗಾಗುವುದು ಹೇಗೆ?

ಸಾನ್ ಬ್ಯಾಜೊ ಹಬ್ಬ ಹತ್ತಿರವಾದಾಗ ಮುರ್ತಾದ ತುತ್ತತುದಿಯ ಮನೆಯ ಸಿನ್ಯೋರಾ ಕ್ಲೇಲಿಯಾ ಗುಂಗುರು ಸುತ್ತಿಸಿಕೊಳ್ಳಬೇಕೆಂದು ಹೇಳಿ ಕಳಿಸಿದಳು. ತೊಂಬತ್ತರ ಮುದುಕಿ. ಹಬ್ಬದ ದಿನ ಗಂಟಲಿಗೆ ಆಶೀರ್ವಾದ ಪಡೆಯಲು ಚರ್ಚಿಗೆ ಹೋಗುವವಳು, ಸಂತನಿಗೆ ತನ್ನ ತಲೆಯೂ ಕಾಣಲಿ ಎಂಬ ಆಸೆಯವಳು. ಅವಳ ಅಡುಗೆಮನೆಯಲ್ಲಿ ಸೌದೆ ಒಲೆಯ ಪಕ್ಕ ಮಾತ್ರ ಬೆಚ್ಚಗೆ. ಎರಡು ಹೆಜ್ಜೆ ಆಚೆಗೆ ಉಸಿರು ಹೊಗೆಯಾಗುತ್ತದೆ.

ದೊಡ್ಡ ದಿನವೆಂದು ಇರ್ಮಾ ಅಂದು ಹೊಸ ಪೆಟ್ಟಿಗೆ ತಂದಿದ್ದಳು. ಗುಂಗುರು ಮಾಡಲು ಕೂದಲನ್ನು ಪುಟ್ಟ ಪುಟ್ಟ ಕಡ್ಡಿಗಳಿಗೆ ಸುತ್ತಿ, ಪ್ರತಿ ಕಡ್ಡಿಯನ್ನೂ ಒಂದು ಸಣ್ಣ ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ದಿನಾ ಬಳಸುವ ಕಡ್ಡಿಗಳು ಮಾಸಿದ್ದವು. ಇವು ಎಂದೋ ಕೊಂಡು ಬಿಚ್ಚದೆ ಎತ್ತಿಟ್ಟಿದ್ದವು, ಗುಲಾಬಿ ಬಣ್ಣ ಇನ್ನೂ ಫಳಫಳ ಎನ್ನುತ್ತಿತ್ತು. ಮೊದಲ ಕಡ್ಡಿ ಸುತ್ತಿ ಬ್ಯಾಂಡ್ ಎಳೆದಳು. ಅದು ಹಿಗ್ಗಲಿಲ್ಲ, ಪಟ್ಟನೆ ತುಂಡಾಯಿತು. ಎರಡನೆಯದೂ ಹಾಗೇ. ಮೂರನೆಯದು ಮುದುಕಿಯ ಕಿವಿಗೆ ಬಡಿಯಿತು.

"ಏನು ಮಗಳೇ, ತಲೆ ಬಾಚ್ತೀಯೋ, ಹೊಡೀತೀಯೋ?" ಎಂದಳು ಕ್ಲೇಲಿಯಾ.

"ಹೊಸಾದು ಸಿನ್ಯೋರಾ. ಇವತ್ತೇ ಪೆಟ್ಟಿಗೆ ಒಡೆದಿದ್ದು."

"ಹೊಸಾದಂತೆ. ನನ್ನ ಹಲ್ಲಿಗಿಂತ ಹಳೇದು ಇರ್ಬೇಕು. ಆ ಹಳೇದನ್ನೇ ತಗೊ."

ಇರ್ಮಾ ಹಳೆಯ ಪೆಟ್ಟಿಗೆ ತೆರೆದು ಸುತ್ತತೊಡಗಿದಳು. ವಾರವಾರವೂ ಎಷ್ಟೋ ತಲೆಗಳನ್ನು ಕಂಡ ಆ ಬ್ಯಾಂಡುಗಳು ಹೇಳಿದ ಹಾಗೆ ಕೇಳಿ ಹಿಗ್ಗುತ್ತಿದ್ದವು. ಹಿಂತಲೆ ಮುಗಿದು ಎಡಗಡೆಗೆ ಬಂದಾಗ ಅವಳ ಕೈ ನಿಂತಿತು. ಮುರಿದ ಬ್ಯಾಂಡಿನ ಒಂದು ತುಣುಕನ್ನು ಎತ್ತಿ ಒಲೆಯ ಮಗ್ಗುಲಲ್ಲಿ ಹಿಡಿದಳು, ಸ್ವಲ್ಪ ಬಾಗಿತು. ಕಿಟಕಿಯ ಹೊರಗಿನ ಕಲ್ಲಿನ ಮೇಲಿಟ್ಟು, ಇನ್ನೆರಡು ಕಡ್ಡಿ ಸುತ್ತಿ ಬಂದು ಮುಟ್ಟಿದಳು, ಉಗುರಿನಂತೆ ಸೆಟೆದಿತ್ತು. ಹಳೆಯ ಬ್ಯಾಂಡ್ ಒಂದನ್ನೂ ಅಲ್ಲೇ ಇಟ್ಟು ನೋಡಿದಳು. ಅದು ತಣ್ಣಗಾಯಿತು, ಆದರೂ ಎಳೆದರೆ ಬಂತು.

"ಬಂದೆ ಸಿನ್ಯೋರಾ" ಎಂದವಳೇ ಮುದುಕಿಯನ್ನು ಅರ್ಧ ತಲೆಯಲ್ಲಿ ಬಿಟ್ಟು ಅಂಗಳಕ್ಕೆ ಓಡಿದಳು.

ಸ್ಕೂಟರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಟೈರಿಗೆ ಹೆಬ್ಬೆರಳ ಉಗುರು ಒತ್ತಿದಳು. ಒಳಗಿಳಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಉಗುರೇ ಮುರಿಯಿತು. ಅದೇ ಹೊತ್ತಿಗೆ ಅಂಚೆಯ ಹೆಂಗಸು ತನ್ನ ಸ್ಕೂಟರನ್ನು ಗೇಟಿನ ಬಳಿ ನಿಲ್ಲಿಸಿದಳು. ಇರ್ಮಾ ನೆಟ್ಟಗೆ ಹೋಗಿ ಆ ಟೈರಿಗೆ ಇನ್ನೊಂದು ಹೆಬ್ಬೆರಳು ಒತ್ತಿದಳು. ಉಗುರು ಇಳಿಯಿತು, ಎತ್ತಿದಾಗ ಚಂದ್ರನ ಆಕಾರದ ಗುರುತು ನಿಧಾನವಾಗಿ ಮಾಯವಾಯಿತು.

"ಏನ್ ಮಾಡ್ತಿದೀರ ನನ್ನ ಗಾಡಿಗೆ?" ಎಂದಳು ಅಂಚೆಯವಳು.

"ನಿನ್ನ ಟೈರ್ ಯಾವತ್ತಿಂದು?"

"ಇಲಾಖೆಯೋರು ಪ್ರತಿ ಚಳಿಗಾಲಕ್ಕೂ ಬದಲಾಯಿಸ್ತಾರೆ. ಯಾಕೆ?"

ಮೇಲಿನ ಕಿಟಕಿ ತೆರೆಯಿತು. ಅರ್ಧ ತಲೆಗೆ ಕಡ್ಡಿ, ಅರ್ಧ ತಲೆ ಕೆದರಿ, ಕ್ಲೇಲಿಯಾ ಹೊರಗೆ ಬಾಗಿದಳು. "ಇರ್ಮಾ, ಸಂತ ನನ್ನ ಒಂದು ಕಡೆ ಮಾತ್ರ ಆಶೀರ್ವಾದ ಮಾಡ್ಬೇಕಾ? ಬರ್ತೀಯೋ ಇಲ್ವೋ?"

ಗುಟ್ಟು ಸಿಕ್ಕಿದಾಗ ಇರ್ಮಾಗೆ ಯಾವಾಗಲೂ ಹಿಗ್ಗಾಗುತ್ತಿತ್ತು. ಅಂದು ಆಗಲಿಲ್ಲ. ಉಳಿದ ಅರ್ಧ ತಲೆ ಸುತ್ತುವಾಗ ಅವಳ ಕಣ್ಣಮುಂದೆ ಜೀನೊ ಪತ್ರಿಕೆಯ ಹಾಳೆ ಸುತ್ತುತ್ತ ಕೂತಿದ್ದ. ಟೈರು ಕೆಟ್ಟಿದೆ ಎಂದರೆ ಅವನ ಕಡೆ ಬೆರಳು ಮಾಡಿದ ಹಾಗೆ. ಅವನು ತನಗೆಂದು ತೆಗೆದಿಟ್ಟ ಕೊನೆಯ ವಸ್ತು ಅದು. ಅದನ್ನು ಮೊಳೆಯಲ್ಲೇ ಬಿಟ್ಟು ಗಟ್ಟಿಯಾಗಿಸಿದವಳು ತಾನೇ ಎಂಬುದೂ ಹೊಳೆಯಿತು. ಅವನು ತಂದ ವರ್ಷವೇ ಹಾಕಿಸಿದ್ದರೆ ಬಂಗಾರದಂತೆ ಓಡುತ್ತಿದ್ದವು. ಮನೆಗೆ ಹೋಗುವಾಗ ತೊಟ್ಟಿ ತಿರುವಿನಲ್ಲಿ ಇಳಿದು ಸ್ಕೂಟರನ್ನು ತಳ್ಳಿಕೊಂಡೇ ಹೋದಳು, ದಾರಿಯುದ್ದಕ್ಕೂ ಅತ್ತಳು, ಗಾಳಿಗೆ ಕಣ್ಣೀರು ಬರುತ್ತಿದೆ ಎಂದು ಎದುರು ಬಂದವರಿಗೆ ಹೇಳಿದಳು.

ಮರುದಿನ ಫುಲ್ವಿಯೊನ ಟೈರ್ ಅಂಗಡಿಗೆ ಹೋದಳು. ನಮ್ಮ ಕಣಿವೆಯಲ್ಲಿ ಬದುಕುವ ಪ್ರತಿ ವ್ಯಾಪಾರಿಯಂತೆ ಫುಲ್ವಿಯೊ ಗೊಣಗುತ್ತಲೇ ಬಾಗಿಲು ತೆಗೆಯುವವನು. ಹಿಂದಿನ ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ್ದ ಅಂಕಿಯನ್ನು ಬೆರಳಿಂದ ಒರೆಸಿ ನೋಡಿ, ಅವಳ ಮುಖ ನೋಡಿದ.

"ಇದು ತಯಾರಾದ ವಾರ, ಇದು ವರ್ಷ. ಸಿನ್ಯೋರಾ ಇರ್ಮಾ, ಈ ಟೈರ್ ಹುಟ್ಟಿದಾಗ ನನಗೆ ಮದ್ವೆ ಆಗಿರ್ಲಿಲ್ಲ. ಈಗ ನನ್ನ ಮಗಳಿಗೆ ಲೈಸೆನ್ಸ್ ಬಂದಿದೆ."

"ಗೊತ್ತು. ಚಳೀಲಿ ಹಿಡಿಯೋಂಥದ್ದು ತೋರಿಸು."

ಅವನು ಮೂರು ಬಗೆ ಇಳಿಸಿದ. ಒಂದು ಎಲ್ಲ ಕಾಲಕ್ಕೂ ಆಗುವಂಥದ್ದು. ಒಂದು ಗಟ್ಟಿ ರಬ್ಬರಿನದು. ಮೂರನೆಯದರ ಮಗ್ಗುಲಲ್ಲಿ ಚಳಿಗಾಲದ ಟೈರೆಂಬ ಗುರುತು, ಪುಟ್ಟ ಬೆಟ್ಟ, ಅದರೊಳಗೆ ಹಿಮದ ಹೂವಿನ ಚಿತ್ರ. ಅದರ ಮೈತುಂಬ ಕೂದಲೆಳೆಯಂಥ ಸಣ್ಣ ಸಣ್ಣ ಸೀಳುಗಳಿದ್ದವು. ಇಷ್ಟು ಮಾಡಿ ಫುಲ್ವಿಯೊ ಕೈಕಟ್ಟಿ ನಿಂತ. ಈ ಊರಿನ ಪ್ರತಿ ಗಿರಾಕಿಯೂ ಕೇಳುವ ಪ್ರಶ್ನೆ ಒಂದೇ, ಯಾವುದು ಹೆಚ್ಚು ದಿನ ಬಾಳುತ್ತೆ ಎಂದು. ಅವನು ಅದಕ್ಕೆ ಕಾಯುತ್ತಿದ್ದ. ಇರ್ಮಾ ಅದನ್ನು ಕೇಳಲಿಲ್ಲ.

"ಈ ಮೂರನ್ನೂ ಆಚೆ ನೆರಳಲ್ಲಿ ಇಡು."

"ಯಾತಕ್ಕೆ?"

"ಅಂಗಡಿ ಒಳಗೆ ಬೆಚ್ಚಗಿದೆ. ಇಲ್ಲಿ ಎಲ್ಲಾನೂ ಮೆತ್ತಗೇ ಇರುತ್ತೆ. ನಾನೇನು ನಿನ್ನ ಹೀಟರ್ ಮುಂದೆ ಗಾಡಿ ಓಡಿಸ್ತೀನಾ?"

ಫುಲ್ವಿಯೊ ಗೊಣಗಿದ. ಇಷ್ಟು ವರ್ಷದಲ್ಲಿ ಟೈರಿಗೆ ಗಾಳಿ ಹಾಕಿದ್ದೇನೆ, ಗಾಳಿಗೆ ಟೈರು ಹಾಕಿರಲಿಲ್ಲ ಎಂದ. ಆದರೂ ಮೂರನ್ನೂ ಎತ್ತಿಕೊಂಡು ಹೋಗಿ, ಬಡಗಣ ಗಾಳಿ ಸುಯ್ಯೆನ್ನುತ್ತಿದ್ದ ಓಣಿಯಲ್ಲಿ ಗೋಡೆಗೆ ಒರಗಿಸಿದ. ಒಂದು ಕಾಫಿ ಕುಡಿದು, ಇನ್ನೊಂದು ಕುಡಿದು, ಬಾರಿನವಳ ಮುಂಗೂದಲನ್ನೂ ಸರಿಮಾಡಿ ಇರ್ಮಾ ವಾಪಸು ಬಂದಾಗ ಫುಲ್ವಿಯೊ ಆಗಲೇ ಓಣಿಯಲ್ಲಿ ಬಗ್ಗಿ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಅವನಿಗೂ ಕುತೂಹಲ ಹತ್ತಿತ್ತು. ಗಟ್ಟಿ ರಬ್ಬರಿನದು ಸೆಟೆದಿತ್ತು. ಎಲ್ಲ ಕಾಲದ್ದು ಹೌದೋ ಅಲ್ಲವೋ ಎಂಬಂತಿತ್ತು. ಹಿಮದ ಹೂವಿನದು ಒಳಗಿದ್ದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು.

"ಇದು" ಎಂದಳು ಇರ್ಮಾ.

"ಒಂದು ಮಾತು ಹೇಳ್ಬಿಡ್ತೀನಿ, ಆಮೇಲೆ ನನ್ನ ಬೈಬೇಡಿ. ಮೆತ್ತಗಿರೋದ್ರಿಂದ ಬೇಗ ಸವೆಯುತ್ತೆ. ಬೇಸಿಗೇಲಿ ಇನ್ನೂ ಬೇಗ."

"ಸವೀಲಿ. ಅದಿರೋದೇ ಸವೆಯೋಕೆ."

ಅವಳ ಬಾಯಿಂದ ಆ ಮಾತು ಬಂದದ್ದು ಕೇಳಿ ಫುಲ್ವಿಯೊ ಸ್ವಲ್ಪ ಹೊತ್ತು ಗೊಣಗುವುದನ್ನೇ ಮರೆತ. ಟೈರು ಹಾಕಿ, ಗಾಳಿ ಅಳೆದು, ಚಕ್ರ ತಿರುಗಿಸಿ ನೋಡಿದ. "ಹೊಸಾ ಟೈರಿನ ಮೇಲೆ ಅಚ್ಚಿನ ಜಿಡ್ಡಿರುತ್ತೆ. ಅದು ಹೋಗೋವರೆಗೆ ಒಂದೆರಡು ದಿನ ಮೆಲ್ಲಗೆ, ತಿರುವಲ್ಲಿ ಬಾಗಿಸ್ಬೇಡಿ. ಗಾಳಿ ಯಾವಾಗ್ಲೂ ಟೈರ್ ತಣ್ಣಗಿದ್ದಾಗ ನೋಡಿಸಿ. ಚಳೀಲಿ ಅದಾಗೇ ಇಳಿಯುತ್ತೆ." ಆಮೇಲೆ ಕಳಚಿದ ಜೊತೆಯನ್ನು ಕಾಲಿಂದ ಮುಟ್ಟಿ, "ಇದನ್ನ ಬಿಸಾಕ್ಲಾ?" ಎಂದ.

"ಬೇಡ" ಎಂದಳು ಇರ್ಮಾ.

ಅವುಗಳನ್ನು ಅರ್ಮಾಂದೊನ ಬಾಗಿಲಿಗೆ ಒಯ್ದಳು. ಅವನಿಗೆ ಕಡಲ ದಡದ ವೋಲ್ತ್ರಿಯಲ್ಲಿ ಒಂದು ಪುಟ್ಟ ದೋಣಿಯಿತ್ತು. ಅದು ಕಟ್ಟೆಗೆ ಉಜ್ಜಿ ಉಜ್ಜಿ ಬಣ್ಣ ಕಳೆದುಕೊಂಡಿತ್ತು. ಜೀನೊನ ಟೈರುಗಳನ್ನು ದೋಣಿಯ ಪಕ್ಕಕ್ಕೆ ಕಟ್ಟಿಕೊ ಎಂದಳು. ಅರ್ಮಾಂದೊ ಮೊದಲು ತಪ್ಪು ರಸ್ತೆಯದೇ ಎಂದು ವಾದ ಹೂಡಿದ, ಆಮೇಲೆ ತನ್ನ ಹೆಬ್ಬೆರಳನ್ನು ಒತ್ತಿ ನೋಡಿ ಹಗ್ಗ ಹುಡುಕತೊಡಗಿದ. "ಜೀನೊಗೆ ಮೀನು ಹಿಡಿಯೋದು ಇಷ್ಟ ಇತ್ತು" ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಇರ್ಮಾ ಎಂದೂ ಕೇಳಿರಲಿಲ್ಲ.

ಮನೆಗೆ ಬಂದವಳು ಕಪಾಟಿನ ಬಾಗಿಲು ತೆರೆದು ನಿಂತಳು. ಮೊರೇನಾ ಮೊದಲ ಸಂಬಳದಲ್ಲಿ ತಂದುಕೊಟ್ಟಿದ್ದ ಕೈಗವಸು ತೆಳು ಕಾಗದದಲ್ಲಿ ಹಾಗೇ ಇತ್ತು. ಚರ್ಮ ಮಡಿಕೆಯಲ್ಲಿ ಬಿರುಸಾಗಿತ್ತು. ಇರ್ಮಾ ಕೂದಲಿಗೆ ಹಚ್ಚುವ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಬೆರಳು ಬೆರಳನ್ನೂ ತಿಕ್ಕುತ್ತ ಕೂತಳು. ಅದು ಮೆತ್ತಗಾಗುವವರೆಗೆ ಏಳಲಿಲ್ಲ.

ಸಾನ್ ಬ್ಯಾಜೊ ದಿನ ಹಲ್ಲು ಕಟಕಟಿಸುವ ಚಳಿ. ಬೆಳಿಗ್ಗೆಯೇ ಮೊರೇನಾ ಬಂದಳು. ಅಂದು ಅವಳಿಗೆ ರಜೆ. ಅಮ್ಮ ಬಟ್ಟೆಯಲ್ಲಿ ಸುತ್ತಿದ ಪಾಂದೊಲ್ಚೆ ತುಂಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದುದನ್ನು ನೋಡಿದಳು.

"ಎಲ್ಲಿಗೆ?"

"ಕ್ಲೇಲಿಯಾ ತಲೆ ಬಾಚಿ ಚರ್ಚಿಗೆ ಕಳಿಸ್ಬೇಕು. ಇದನ್ನ ಅಲ್ಲೇ ತಿನ್ನೋಣ, ನೀನೂ ಬಾ. ಇವತ್ತು ಒಣಗಿಸೋದು ಬೇಡ, ಹಿಂದಿನ ಸೀಟು ಖಾಲಿ ಇದೆ."

ಮೊರೇನಾ ಹೆಲ್ಮೆಟ್ ಏರಿಸಿ ಹಿಂದೆ ಕೂತಳು. ಒಪ್ಪಂದ ಮುಗಿಯುವುದು ಆ ತುಂಡು ತಿಂದ ಮೇಲೆಯೇ. ಅಲ್ಲಿಯವರೆಗೆ ಉಳಿದಿರುವುದು ಒಂದೇ ತಿರುವು. ಅದು ಇಬ್ಬರಿಗೂ ಗೊತ್ತಿತ್ತು.

ತೊಟ್ಟಿಯ ನೀರು ಅಂಚಿನಲ್ಲಿ ಬಿಳಿಯಾಗಿ ಕಟ್ಟಿಕೊಂಡಿತ್ತು. ತಿರುವಿಗೆ ಬರುತ್ತಲೇ ಮೊರೇನಾಳ ತೋಳುಗಳು ಅಮ್ಮನ ಸೊಂಟವನ್ನು ಬಿಗಿಯಾಗಿ ಸುತ್ತಿದವು. ಚಿಕ್ಕಂದಿನಲ್ಲಿ ಬಾಲವಾಡಿಗೆ ಹೋಗುವಾಗ ಹಾಗೆ ಹಿಡಿದ ಮೇಲೆ ಮತ್ತೆ ಹಿಡಿದದ್ದು ಅಂದೇ. ಇರ್ಮಾ ವೇಗ ಇಳಿಸಿದಳು, ಹ್ಯಾಂಡಲ್ ತಿರುಗಿಸಿದಳು. ಚಕ್ರ ರಸ್ತೆಯನ್ನು ಹಿಡಿದುಕೊಂಡೇ ಹತ್ತಿತು. ಏನೂ ಆಗಲಿಲ್ಲ. ಏನೂ ಆಗದಿರುವುದು ಇಷ್ಟು ಚೆನ್ನಾಗಿರುತ್ತದೆಂದು ಇರ್ಮಾಗೆ ಗೊತ್ತಿರಲಿಲ್ಲ.

ಕ್ಲೇಲಿಯಾಳ ಅಡುಗೆಮನೆಯಲ್ಲಿ ಆ ತುಂಡನ್ನು ಮುರಿಯಲು ಸುತ್ತಿಗೆಯೇ ಬೇಕಾಯಿತು. ಮೂವರೂ ಕಾಫಿಯಲ್ಲಿ ಅದ್ದಿ ಚೀಪಿದರು. ಇರ್ಮಾ ಬ್ಯಾಂಡಿನ ಕಥೆ, ಉಗುರಿನ ಕಥೆ, ಓಣಿಯ ಗಾಳಿಯಲ್ಲಿ ನಿಂತ ಮೂರು ಟೈರಿನ ಕಥೆ ಹೇಳಿದಳು. ಮೊರೇನಾ ತುಂಡು ಅದ್ದುತ್ತಲೇ ಕೇಳಿದಳು. ಅವಳ ಕಣ್ಣು ಮೇಜಿನ ಮೇಲಿದ್ದ ಚರ್ಮದ ಕೈಗವಸುಗಳ ಮೇಲಿತ್ತು. ಒಂದನ್ನು ಎತ್ತಿ ಮೂಸಿದಳು.

"ಇದ್ಯಾಕೆ ತಲೆ ಎಣ್ಣೆ ವಾಸನೆ ಬರ್ತಿದೆ?"

"ಒಣಗಿತ್ತು. ತಪ್ಪು ನಂದೇ. ಇನ್ಮೇಲೆ ದಿನಾ ಹಾಕ್ಕೋತೀನಿ, ಹರಿದುಹೋಗೋವರೆಗೂ."

ಮೊರೇನಾ ಕೈಗವಸನ್ನು ಕೆಳಗಿಡದೆ ಬಹಳ ಹೊತ್ತು ಮಡಿಲಲ್ಲೇ ಇಟ್ಟುಕೊಂಡಳು. ಕ್ಲೇಲಿಯಾಳ ತಲೆ ಮುಗಿದು ಹೊರಗೆ ಬಂದ ಮೇಲೆ ಅಂಗೈ ಚಾಚಿದಳು.

"ಅಮ್ಮ, ಕೀಲಿ ಕೊಡು."

ಇರ್ಮಾ ಕೀಲಿಯಿದ್ದ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡಳು. "ನಾನು ಬೀಳ್ಲಿಲ್ವಲ್ಲೇ."

"ಬೀಳ್ಲಿಲ್ಲ. ಗೊತ್ತು. ಕೊಡು."

ಕೊಟ್ಟಳು. ಮೊರೇನಾ ಮುಂದಿನ ಸೀಟಿಗೆ ಕೂತು, ಆ ಕೈಗವಸನ್ನೇ ತೊಟ್ಟು, ಹಿಂದಿನ ಸೀಟನ್ನು ತಟ್ಟಿದಳು. "ಹತ್ತು. ಆ ತಿರುವು ನಾನೂ ನೋಡ್ಬೇಕು. ಹಿಂದೆ ಕೂತ್ರೆ ಏನೂ ಗೊತ್ತಾಗಲ್ಲ."

ಇಳಿಯುವಾಗ ತೊಟ್ಟಿ ತಿರುವನ್ನು ಅವಳು ಬಸ್ಸು ತಿರುಗಿಸುವಷ್ಟು ಎಚ್ಚರದಿಂದ ದಾಟಿದಳು. ದಾಟಿ, ನಿಲ್ಲಿಸಿ, ಕೆಳಗಿಳಿದಳು. ಕೈಗವಸು ಕಳಚಿ ರಸ್ತೆಗೆ ಅಂಗೈ ಒತ್ತಿದಳು, ಆಮೇಲೆ ಟೈರಿಗೆ ಹೆಬ್ಬೆರಳ ಉಗುರು ಊರಿ, ಚಂದ್ರನ ಗುರುತು ಮಾಯವಾಗುವುದನ್ನು ಬಗ್ಗಿ ನೋಡಿದಳು. ಇರ್ಮಾ ಹಿಂದಿನ ಸೀಟಿನಲ್ಲಿ ಕಾಲೂರಿ ಗಾಡಿ ಹಿಡಿದುಕೊಂಡು ಕೂತಿದ್ದಳು.

"ಅಮ್ಮ," ಎಂದಳು ಮೊರೇನಾ, "ಬಸ್ಸಿನ ಟೈರಲ್ಲೂ ಹೀಗೇ ಆಗುತ್ತಾ?"

"ಉಗುರು ಊರಿ ನೋಡ್ಬೇಕು."

ಮೊರೇನಾ ಕೀಲಿಯನ್ನು ಅಮ್ಮನ ಕೈಗಿತ್ತು, ಅವಳನ್ನು ಮುಂದಕ್ಕೆ ಸರಿಸಿ ತಾನು ಹಿಂದೆ ಕೂತಳು. "ನಡಿ, ಡಿಪೋಗೆ ಹೋಗೋಣ. ಓಡದ ಬಸ್ಸೆಲ್ಲಾ ಇವತ್ತು ಈ ಚಳೀಲಿ ಆಚೇನೇ ನಿಂತಿರುತ್ವೆ."